ಕಟ್ಟಡ ನಿರ್ಮಾಣದ ಪಾಠದಲ್ಲಿ ಬಿಐಎಂ: ಮಾದರಿಯನ್ನು ತಿರುಗಿಸಿ ತೋರಿಸಿದ ಮೇಲೆ ಮುಂದೇನು?

ಕಟ್ಟಡಪಾಠ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಟ್ಟಡ ನಿರ್ಮಾಣ ತಂತ್ರ ಮತ್ತು ಪ್ರಮಾಣ ಅಂದಾಜು ಎಂಬ ಎರಡು ವಿಷಯಗಳನ್ನು ಬೋಧಿಸುತ್ತೇನೆ. ಕಟ್ಟಡ ಮಾಹಿತಿ ಮಾದರಿಯನ್ನು, ಅಂದರೆ ಘಟಕಗಳ ಅಳತೆ ಮೊದಲಾದ ಮಾಹಿತಿಯನ್ನೂ ಹೊತ್ತ, ನಾವೆಲ್ಲ ಬಿಐಎಂ ಎಂದು ಕರೆಯುವ ಗಣಕ ಮಾದರಿಯನ್ನು, ಈ ಎರಡೂ ಪಾಠಗಳಲ್ಲಿ ಬಳಸಲು ಆರಂಭಿಸಿದ್ದೇನೆ. ಪರದೆಯ ಮೇಲೆ ಮೂರು ಆಯಾಮದ ಕಟ್ಟಡವನ್ನು ತೆರೆದು, ಗೋಡೆಗಳನ್ನು ಮರೆಮಾಡಿ, ಸ್ಲ್ಯಾಬನ್ನು ಕತ್ತರಿಸಿ ಒಳಗಿನ ಕಂಬಿಗಳನ್ನು ತೋರಿಸಿದಾಗ ವಿದ್ಯಾರ್ಥಿಗಳು ಬಹಳ ಆಸಕ್ತಿಯಿಂದ ನೋಡುತ್ತಾರೆ. ಆದರೆ ಅದೇ ಕಟ್ಟಡದ ಪ್ಲಾನ್ ಮತ್ತು ಸೆಕ್ಷನ್‌ಗಳನ್ನು ಮರುದಿನ ಹಾಳೆಯ ಮೇಲೆ ಕೊಟ್ಟು, ಈ ಬೀಮಿನ ಭಾರ ಯಾವ ಕಾಲಂಗೆ ಇಳಿಯುತ್ತದೆ, ಇದರ ಶಟರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಿಡಿದಿಡುವ ಅಚ್ಚು) ಬಿಚ್ಚುವ ಮೊದಲು ಏನೇನು ಮುಗಿದಿರಬೇಕು ಎಂದು ಕೇಳಿದರೆ ತರಗತಿ ಮೌನವಾಗುತ್ತದೆ.

ಸಾಫ್ಟ್‌ವೇರ್ ಕಲಿಸುವ ಕಾರ್ಯಾಗಾರಗಳಿಂದಲೂ ಈ ಕೊರತೆ ತುಂಬಿಲ್ಲ. ಅವುಗಳಲ್ಲಿ ಯಾವ ಗುಂಡಿ ಒತ್ತಿದರೆ ಗೋಡೆ ಬರುತ್ತದೆ, ಯಾವ ಗುಂಡಿ ಒತ್ತಿದರೆ ಮೆಟ್ಟಿಲು ಬರುತ್ತದೆ ಎಂಬುದನ್ನು ಕಲಿತವರು ಅಚ್ಚುಕಟ್ಟಾದ ಮಾದರಿಯನ್ನೇನೋ ಮಾಡುತ್ತಾರೆ, ಆದರೆ ಅವರ ಮೆಟ್ಟಿಲಿನ ಮೇಲೆ ನಡೆಯುವವರ ತಲೆ ಬೀಮಿಗೆ ತಾಗುತ್ತದೆಯೇ ಎಂಬುದನ್ನು ಪರಿಶೀಲಿಸಿರುವುದಿಲ್ಲ. ಬಿಐಎಂ ಕಲಿಸುವುದಕ್ಕಿಂತ ಬಿಐಎಂ ಮೂಲಕ ನಿರ್ಮಾಣವನ್ನು ಕಲಿಸುವುದು ನನ್ನ ಉದ್ದೇಶ. ಅದಕ್ಕಾಗಿ ವಿದ್ಯಾರ್ಥಿಯನ್ನು ನಿಜವಾಗಿ ತೊಡಗಿಸಿಕೊಳ್ಳುವ ಅಭ್ಯಾಸಗಳನ್ನು ನೀವು ನಡೆಸಿದ್ದರೆ ದಯವಿಟ್ಟು ವಿವರವಾಗಿ ತಿಳಿಸಿ. ಮಾದರಿಯೊಳಗೇ ನಿಂತಂತೆ ತೋರಿಸುವ ವಿಆರ್ ಕನ್ನಡಕಗಳು ಇಲ್ಲದೆ ಇದು ಸಾಧ್ಯವೇ, ಇಂತಹ ಅಭ್ಯಾಸಗಳ ಮೌಲ್ಯಮಾಪನ ಹೇಗೆ ಎಂಬುದನ್ನೂ ತಿಳಿಯಬೇಕಾಗಿದೆ.

ಬಿಐಎಂ ಸಂಯೋಜಕ

ಕಟ್ಟಡಪಾಠ ಅವರೇ, ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ಭಾಗವಿದೆ. ಮಾದರಿಯನ್ನು ತಿರುಗಿಸುವುದು, ಹಿಗ್ಗಿಸುವುದು, ಕತ್ತರಿಸುವುದು ಇವೆಲ್ಲ ನೋಡುವ ಬಗೆಗಳು ಮಾತ್ರ. ವಿದ್ಯಾರ್ಥಿ ಒಂದು ನಿರ್ಧಾರ ತೆಗೆದುಕೊಳ್ಳಬೇಕು, ಆ ನಿರ್ಧಾರ ತಪ್ಪಾಗಿದ್ದರೆ ಮಾದರಿ ಅದನ್ನು ಅವನ ಕಣ್ಣೆದುರಿಗೇ ತೋರಿಸಬೇಕು. ಕಲಿಕೆ ಆರಂಭವಾಗುವುದು ಅಲ್ಲಿಂದ. ಈ ಗುಣ ಬಿಐಎಂಗೆ ಹುಟ್ಟಿನಿಂದಲೇ ಬಂದದ್ದು. 1970ರ ದಶಕದಲ್ಲಿ ಸಂಶೋಧಕ ಚಾರ್ಲ್ಸ್ ಈಸ್ಟ್‌ಮನ್ ಅವರು ಕಟ್ಟಡವನ್ನು ಬಿಡಿ ಬಿಡಿ ನಕ್ಷೆಗಳ ಬದಲು ಗಣಕದಲ್ಲಿನ ಒಂದೇ ವಿವರಣೆಯಾಗಿ ಇಡಬೇಕು, ಎಲ್ಲ ನಕ್ಷೆಗಳೂ ಅದರಿಂದಲೇ ಹೊರಡಬೇಕು ಎಂದು ಪ್ರತಿಪಾದಿಸಿದಾಗ, ಒಂದು ಕಡೆ ಮಾಡಿದ ಬದಲಾವಣೆಯ ಪರಿಣಾಮ ಎಲ್ಲ ಕಡೆಯೂ ಕಾಣಬೇಕೆಂಬುದೇ ಅವರ ಮುಖ್ಯ ವಾದವಾಗಿತ್ತು. ತರಗತಿಯಲ್ಲಿ ನಾವು ಬಳಸಿಕೊಳ್ಳಬೇಕಾದದ್ದೂ ಈ ಗುಣವನ್ನೇ.

ನಾನು ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ ಕೊಡುವ ಒಂದು ಅಭ್ಯಾಸವನ್ನು ಹೇಳುತ್ತೇನೆ. ಒಂದು ಮಹಡಿಯ ಉದ್ದನೆಯ ಓಣಿಯ ಮೇಲ್ಭಾಗ, ಅಂದರೆ ಬೀಮಿನ ಕೆಳಗೆ ಮತ್ತು ಫಾಲ್ಸ್ ಸೀಲಿಂಗ್‌ನ ಮೇಲೆ ಉಳಿಯುವ ಜಾಗ, ಕೇವಲ 450 ಮಿಲಿಮೀಟರ್ ಇದೆ ಎಂದುಕೊಳ್ಳಿ. ಅದರಲ್ಲಿ ಹವಾನಿಯಂತ್ರಣದ ಡಕ್ಟ್, ಶೌಚಾಲಯದ ಕೊಳವೆ, ಅಗ್ನಿಶಾಮಕ ಕೊಳವೆ ಮತ್ತು ವಿದ್ಯುತ್ ಕೇಬಲ್‌ಗಳ ತಟ್ಟೆ ಇವಿಷ್ಟೂ ಹಾದುಹೋಗಬೇಕು. ಯಾವುದನ್ನು ಮೊದಲು ಕೂರಿಸಬೇಕು ಎಂಬುದನ್ನು ನಾನು ಹೇಳುವುದಿಲ್ಲ. ಬಹುತೇಕರು ಗಾತ್ರದಲ್ಲಿ ದೊಡ್ಡದಾದ ಡಕ್ಟನ್ನೇ ಮೊದಲು ಇಡುತ್ತಾರೆ. ಆಮೇಲೆ ಶೌಚಾಲಯದ ಕೊಳವೆಗೆ ನೂರಕ್ಕೆ ಒಂದರ ಇಳಿಜಾರು ಬೇಕೆಂಬುದು ನೆನಪಾಗುತ್ತದೆ. 9 ಮೀಟರ್ ಉದ್ದಕ್ಕೆ ಅದು 90 ಮಿಲಿಮೀಟರ್ ಕೆಳಗಿಳಿಯಬೇಕು, ಇಳಿಯುತ್ತ ಹೋಗಿ ಡಕ್ಟಿನ ಹೊಟ್ಟೆಗೆ ತಾಗುತ್ತದೆ. ಡಕ್ಟನ್ನು ಬಗ್ಗಿಸಬಹುದು, ಅದರ ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಬಹುದು. ಒತ್ತಡದಿಂದ ನೀರು ಹರಿಯುವ ಕೊಳವೆಯನ್ನು ಮೇಲೆ ಕೆಳಗೆ ಒಯ್ಯಬಹುದು. ಆದರೆ ತನ್ನ ಭಾರದಿಂದಲೇ ಹರಿಯಬೇಕಾದ ಕೊಳಚೆ ನೀರಿಗೆ ಬೇರೆ ದಾರಿಯಿಲ್ಲ. ಆದ್ದರಿಂದ ಇಳಿಜಾರಿನ ಕೊಳವೆ ಮೊದಲು, ದೊಡ್ಡ ಡಕ್ಟ್ ಆನಂತರ, ಒತ್ತಡದ ಕೊಳವೆ ಅದಾದ ಬಳಿಕ, ಕೊನೆಯಲ್ಲಿ ಕೇಬಲ್ ಎಂಬ ರೂಢಿಯ ಕ್ರಮವನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುತ್ತಾರೆ. ಪಠ್ಯದಲ್ಲಿ ಓದಿ ಮರೆಯುವ ನಿಯಮ ಇಲ್ಲಿ ಕಾರಣಸಹಿತವಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಇದಾದ ಮೇಲೆ ನೇವಿಸ್‌ವರ್ಕ್ಸ್‌ನಂತಹ ತಂತ್ರಾಂಶದಲ್ಲಿ ಕ್ಲ್ಯಾಶ್ ಪರೀಕ್ಷೆ, ಅಂದರೆ ಘಟಕಗಳು ಒಂದಕ್ಕೊಂದು ತಾಗುವ ಜಾಗಗಳ ಪಟ್ಟಿ ಮಾಡುವ ಪರೀಕ್ಷೆ, ನಡೆಸಬಹುದು. ಒಂದು ಎಚ್ಚರಿಕೆಯಿರಲಿ: ಆ ಪಟ್ಟಿಯನ್ನು ಸೊನ್ನೆಗೆ ಇಳಿಸುವುದನ್ನೇ ಗುರಿಯಾಗಿ ಕೊಡಬೇಡಿ. ಗೋಡೆಯನ್ನು ಕೊಳವೆ ದಾಟುವ ಪ್ರತಿಯೊಂದು ಜಾಗವನ್ನೂ ತಂತ್ರಾಂಶ ಘರ್ಷಣೆ ಎಂದೇ ಎಣಿಸುತ್ತದೆ, ಆದರೆ ಅಲ್ಲಿ ಬೇಕಿರುವುದು ಕೊಳವೆ ಹಾಯಲು ಗೋಡೆಯಲ್ಲಿ ಬಿಡುವ ಒಂದು ಸ್ಲೀವ್ ಅಷ್ಟೆ. ಬೀಮನ್ನು ಕೊಳವೆ ದಾಟುವುದಾದರೆ ಅದು ಬೇರೆಯೇ ಮಾತು, ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಬೇಕು. ಕೊಳವೆಗೂ ಗೋಡೆಗೂ ತಾಕಲಾಟವೇ ಇಲ್ಲದಿದ್ದರೂ ವಾಲ್ವ್ ತಿರುಗಿಸಲು ಕೈ ಹೋಗುವಷ್ಟು ಜಾಗವಿಲ್ಲದಿರಬಹುದು. ಅಂತರದ ನಿಯಮವನ್ನು ನಾವೇ ಹೇಳದಿದ್ದರೆ ಇದನ್ನು ಯಾವ ಪಟ್ಟಿಯೂ ತೋರಿಸುವುದಿಲ್ಲ. ಪಟ್ಟಿಯಲ್ಲಿ ಯಾವುದು ನಿಜವಾದ ತೊಂದರೆ, ಯಾವುದು ಅಲ್ಲ, ಯಾವುದು ಪಟ್ಟಿಯಲ್ಲಿ ಬಾರದೇ ಉಳಿದಿದೆ ಎಂದು ವಿಂಗಡಿಸುವ ಕೆಲಸವೇ ನಿಜವಾದ ಅಭ್ಯಾಸ.

ಅಂದಾಜು ಬೋಧಕಿ

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಪ್ರಮಾಣ ಅಂದಾಜಿನ ಪಾಠದಲ್ಲಿ ನಾನು ಅನುಸರಿಸುವ ಕ್ರಮ ಸರಳವಾದದ್ದು: ಮಾದರಿಯನ್ನು ತೆರೆಯುವ ಮೊದಲು ವಿದ್ಯಾರ್ಥಿ ತನ್ನ ಉತ್ತರವನ್ನು ಹಾಳೆಯ ಮೇಲೆ ಬರೆದು ಸಹಿ ಹಾಕಬೇಕು. ಮಾದರಿ ಕೊಟ್ಟ ಅಂಕಿಯನ್ನು ಮೊದಲೇ ನೋಡಿದವರು ಅದನ್ನು ಪ್ರಶ್ನಿಸುವುದಿಲ್ಲ. ತಮ್ಮ ಅಂಕಿಯೊಂದು ಕೈಯಲ್ಲಿರುವವರು ವ್ಯತ್ಯಾಸ ಏಕೆ ಬಂತೆಂದು ಹುಡುಕದೆ ಬಿಡುವುದಿಲ್ಲ.

ಒಂದು ಉದಾಹರಣೆ. 300 ಮಿಲಿಮೀಟರ್ ಅಗಲ, 600 ಮಿಲಿಮೀಟರ್ ಒಟ್ಟು ಆಳ, 6 ಮೀಟರ್ ಉದ್ದದ ಬೀಮ್. ಆ ಆಳದ ಮೇಲ್ಭಾಗದಲ್ಲಿಯೇ ಸೇರಿಕೊಂಡಿರುವ 150 ಮಿಲಿಮೀಟರ್ ದಪ್ಪದ ಸ್ಲ್ಯಾಬ್. ಬೀಮನ್ನು ಪೂರ್ಣ ಆಳಕ್ಕೆ ಲೆಕ್ಕ ಹಾಕಿದರೆ 1.08 ಘನ ಮೀಟರ್ ಕಾಂಕ್ರೀಟ್, ಸ್ಲ್ಯಾಬಿನ ಕೆಳಗಿನ ಭಾಗವನ್ನಷ್ಟೇ ಹಿಡಿದರೆ 0.81 ಘನ ಮೀಟರ್. ನಡುವಿನ 0.27 ಘನ ಮೀಟರ್ ಯಾರಿಗೆ ಸೇರಬೇಕು? ಮಾದರಿಯಲ್ಲಿ ಎರಡೂ ಘಟಕಗಳನ್ನು ಜೋಡಿಸದೇ ಬಿಟ್ಟಿದ್ದರೆ ಆ ಭಾಗ ಎರಡು ಸಲ ಎಣಿಕೆಯಾಗುತ್ತದೆ. ಜೋಡಿಸಿದ್ದರೆ ಯಾವುದು ಯಾವುದನ್ನು ಕತ್ತರಿಸುತ್ತದೆ ಎಂಬುದರ ಮೇಲೆ ಬೀಮಿನ ಪಟ್ಟಿಯಲ್ಲೋ ಸ್ಲ್ಯಾಬಿನ ಪಟ್ಟಿಯಲ್ಲೋ ಅದು ಸೇರುತ್ತದೆ. ಒಂದೇ ಬೀಮಿನಲ್ಲಿ ಚಿಕ್ಕದಾಗಿ ಕಾಣುವ ಈ ವ್ಯತ್ಯಾಸ ಒಂದು ಮಹಡಿಯ ಎಲ್ಲ ಬೀಮುಗಳಿಗೆ ಹರಡಿದಾಗ ಎಷ್ಟಾಗುತ್ತದೆ ಎಂದು ವಿದ್ಯಾರ್ಥಿಗಳೇ ಲೆಕ್ಕ ಹಾಕುತ್ತಾರೆ. ಬಳಿಕ ಅಳತೆಯ ನಿಯಮ ಏನು ಹೇಳುತ್ತದೆ, ಮಾದರಿ ಅದಕ್ಕೆ ಹೊಂದಿದೆಯೇ, ಹೊಂದಿಲ್ಲದಿದ್ದರೆ ಮಾದರಿಯಲ್ಲಿ ಏನನ್ನು ಬದಲಿಸಬೇಕು ಎಂಬ ಚರ್ಚೆ ತಾನಾಗಿಯೇ ನಡೆಯುತ್ತದೆ. ಇದೇ ಕ್ರಮವನ್ನು ಶಟರಿಂಗ್ ವಿಸ್ತೀರ್ಣಕ್ಕೂ, ಗೋಡೆಯಲ್ಲಿನ ಬಾಗಿಲು ಕಿಟಕಿಗಳ ಕಳೆಯುವಿಕೆಗೂ ಅನ್ವಯಿಸಬಹುದು.

ಮಾದರಿಯಿಂದ ಅಂದಾಜು ಪಟ್ಟಿ ತಾನಾಗಿ ಬರುತ್ತದೆ, ಆದ್ದರಿಂದ ಕೈಲೆಕ್ಕ ಕಲಿಸುವ ಅಗತ್ಯವಿಲ್ಲ ಎಂದು ಕೆಲವರು ವಾದಿಸುತ್ತಾರೆ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಕೈಲೆಕ್ಕ ತಿಳಿಯದವನಿಗೆ ತಾನಾಗಿ ಬಂದ ಪಟ್ಟಿಯಲ್ಲಿನ ತಪ್ಪು ಕಾಣಿಸುವುದೇ ಇಲ್ಲ.

ಅಂತಿಮ ವರ್ಷದ ವಿದ್ಯಾರ್ಥಿ

ವಿದ್ಯಾರ್ಥಿಯಾಗಿ ಒಂದು ಮಾತು ಸೇರಿಸಲು ಅನುಮತಿ ಕೊಡಿ. ನಮಗೆ ತರಗತಿಯಲ್ಲಿ ಸಿಗುವ ಮಾದರಿಗಳು ಯಾವಾಗಲೂ ಸಂಪೂರ್ಣವಾಗಿಯೂ ಸರಿಯಾಗಿಯೂ ಇರುತ್ತವೆ, ಹಾಗಾಗಿ ನೋಡಿ ಮೆಚ್ಚುವುದರ ಹೊರತು ನಮಗೆ ಮಾಡಲು ಏನೂ ಉಳಿದಿರುವುದಿಲ್ಲ. ಬೇಕೆಂದೇ ಕೆಲವು ದೋಷಗಳನ್ನು ಇಟ್ಟ ಮಾದರಿಯನ್ನು ಕೊಟ್ಟು, ಇದರಲ್ಲಿ ಕಟ್ಟಲಾಗದ ಜಾಗಗಳು ಯಾವುವು ಎಂದು ಕೇಳಿದರೆ ನಾವು ಪ್ರತಿಯೊಂದು ಮೂಲೆಯನ್ನೂ ಅನುಮಾನದಿಂದ ನೋಡುತ್ತೇವೆ. ನಮ್ಮ ಗುಂಪಿನಲ್ಲಿ ಅತ್ಯಂತ ಹೆಚ್ಚು ಚರ್ಚೆ ನಡೆದದ್ದು ಅಂತಹ ಒಂದು ಅಭ್ಯಾಸದಲ್ಲಿಯೇ.

ಸ್ಟ್ರಕ್ಚರಲ್ ವಿನ್ಯಾಸಕ

ಈ ವಿದ್ಯಾರ್ಥಿಯ ಸಲಹೆ ನನಗೆ ಬಹಳ ಮೆಚ್ಚುಗೆಯಾಯಿತು. ಅದಕ್ಕೆ ತಕ್ಕ ಎರಡು ವಿಷಯಗಳನ್ನು ಹೇಳುತ್ತೇನೆ.

ಮೊದಲನೆಯದು ಕಂಬಿಗಳ ದಟ್ಟಣೆ. ನಕ್ಷೆಯಲ್ಲಿ ಕಂಬಿ ಒಂದು ಗೆರೆ, ಗೆರೆಗೆ ದಪ್ಪವಿಲ್ಲ. ಮಾದರಿಯಲ್ಲಿ ಅದಕ್ಕೆ ದಪ್ಪ ಬರುತ್ತದೆ. 300 ಮಿಲಿಮೀಟರ್ ಅಗಲದ ಬೀಮಿನಲ್ಲಿ ಎರಡೂ ಬದಿಗೆ 30 ಮಿಲಿಮೀಟರ್ ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟ್), 8 ಮಿಲಿಮೀಟರ್ ರಿಂಗ್ (ಉದ್ದ ಕಂಬಿಗಳನ್ನು ಸುತ್ತುವ ಕಂಬಿ) ಕಳೆದರೆ ಉಳಿಯುವುದು 224 ಮಿಲಿಮೀಟರ್. 25 ಮಿಲಿಮೀಟರಿನ ನಾಲ್ಕು ಕಂಬಿಗಳನ್ನು ಒಂದೇ ಸಾಲಿನಲ್ಲಿ ಇಟ್ಟರೆ ನಡುವೆ ಸುಮಾರು 41 ಮಿಲಿಮೀಟರ್ ಅಂತರ ಸಿಗುತ್ತದೆ, ತೊಂದರೆಯಿಲ್ಲ. ಅದೇ ನಾಲ್ಕೂ ಕಂಬಿಗಳಿಗೆ ಒಂದೇ ಜಾಗದಲ್ಲಿ ಪಕ್ಕಪಕ್ಕದಲ್ಲಿ ಲ್ಯಾಪ್ ಕೊಟ್ಟರೆ, ಅಂದರೆ ಮುಂದುವರಿಸುವ ಕಂಬಿಯನ್ನು ಒತ್ತಿಗೆ ಇಟ್ಟು ಜೋಡಿಸಿದರೆ, ಎಂಟು ಕಂಬಿಗಳಾಗಿ 200 ಮಿಲಿಮೀಟರ್ ತುಂಬಿ, ಜೋಡಿಗಳ ನಡುವೆ ಉಳಿಯುವುದು ಕೇವಲ 8 ಮಿಲಿಮೀಟರ್. 20 ಮಿಲಿಮೀಟರಿನ ಜಲ್ಲಿ ಅಲ್ಲಿಂದ ಕೆಳಗಿಳಿಯುವುದಿಲ್ಲ, ವೈಬ್ರೇಟರಿನ ಸೂಜಿಯೂ ಹೋಗುವುದಿಲ್ಲ. ಶಟರಿಂಗ್ ಬಿಚ್ಚಿದಾಗ ಜೇನುಗೂಡಿನಂತಹ ಟೊಳ್ಳುಗಳು ಕಾಣುತ್ತವೆ. ಲ್ಯಾಪ್‌ಗಳನ್ನು ಹಂಚಿ ಬೇರೆ ಬೇರೆ ಕಡೆ ಕೊಡಬೇಕೆಂಬ ನಿಯಮದ ಕಾರಣವನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ವಿದ್ಯಾರ್ಥಿಯೇ ಕಂಬಿಗಳನ್ನು ಕೂರಿಸಲಿ, ಜಲ್ಲಿಯ ಗಾತ್ರದ ಒಂದು ಗೋಳವನ್ನು ಮಾದರಿಯಲ್ಲಿ ಇಟ್ಟು ಅದು ಹಾದುಹೋಗುವ ದಾರಿಯನ್ನು ಹುಡುಕಲಿ.

ಎರಡನೆಯದು ಮಾದರಿ ಯಾವುದನ್ನು ತೋರಿಸುವುದಿಲ್ಲ ಎಂಬುದು. ಬಿಐಎಂನಲ್ಲಿ ವಿವರದ ಮಟ್ಟವನ್ನು ಎಲ್‌ಒಡಿ 100ರಿಂದ 500ರವರೆಗೆ ಗುರುತಿಸುತ್ತಾರೆ. 300ರಲ್ಲಿ ಘಟಕದ ಗಾತ್ರ, ಆಕಾರ, ಸ್ಥಾನ ಖಚಿತವಾಗಿರುತ್ತವೆ. ಪಕ್ಕದ ಘಟಕಗಳೊಂದಿಗೆ ಅದು ಹೇಗೆ ಸೇರುತ್ತದೆ ಎಂಬುದು 350ರಲ್ಲಿ, ತಯಾರಿಕೆಗೆ ಸಾಕಾಗುವಷ್ಟು ವಿವರ 400ರಲ್ಲಿ ಬರುತ್ತದೆ. ಕಟ್ಟಡಗಳ ಅನೇಕ ವೈಫಲ್ಯಗಳು ಈ ಜೋಡಣೆಯ ಜಾಗದಲ್ಲಿಯೇ ಅಡಗಿರುತ್ತವೆ. 1981ರ ಜುಲೈ 17ರಂದು ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗು ಕಾಲುದಾರಿಗಳು ಕುಸಿದು 114 ಜನ ಸತ್ತರು. ಎರಡನೆಯ ಮತ್ತು ನಾಲ್ಕನೆಯ ಮಹಡಿಗಳ ಕಾಲುದಾರಿಗಳು ಒಂದರ ಕೆಳಗೊಂದು ಇದ್ದವು. ಮೂಲ ವಿನ್ಯಾಸದಂತೆ ಚಾವಣಿಯಿಂದ ಇಳಿದ ಒಂದೇ ಸರಳು ಎರಡನ್ನೂ ಹೊರಬೇಕಿತ್ತು. ತಯಾರಿಕೆಯ ಅನುಕೂಲಕ್ಕಾಗಿ ಅದನ್ನು ಎರಡು ತುಂಡು ಸರಳುಗಳಾಗಿ ಬದಲಿಸಿದಾಗ ಕೆಳಗಿನ ಕಾಲುದಾರಿ ಮೇಲಿನದರ ಬೀಮಿಗೆ ನೇತುಬಿದ್ದಂತಾಯಿತು. ಮೇಲಿನ ಬೀಮಿನ ಅಡಿಯ ನಟ್ ಮೇಲೆ ಬೀಳುವ ಭಾರ ಎರಡು ಪಟ್ಟಾಯಿತು. ಮೂಲ ಜೋಡಣೆಯೇ ಅಲ್ಲಿನ ಕಟ್ಟಡ ಸಂಹಿತೆ ಕೇಳುವಷ್ಟು ಬಲದ್ದಾಗಿರಲಿಲ್ಲ ಎಂಬುದೂ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ನಡೆಸಿದ ತನಿಖೆಯಲ್ಲಿ ಹೊರಬಂತು.

ಈ ಎರಡೂ ಜೋಡಣೆಗಳನ್ನು ವಿದ್ಯಾರ್ಥಿಗಳು ಮಾದರಿಯಲ್ಲಿ ಕಟ್ಟಲಿ. ಎಲ್‌ಒಡಿ 300ರಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ಕ್ಲ್ಯಾಶ್ ಪರೀಕ್ಷೆ ಯಾವ ದೋಷವನ್ನೂ ಹೇಳುವುದಿಲ್ಲ. ಭಾರ ಇಳಿಯುವ ದಾರಿಯನ್ನು ಬೆರಳಿಟ್ಟು ಗುರುತಿಸುತ್ತ ಪ್ರತಿ ನಟ್ಟಿನ ಪಾಲನ್ನು ಬರೆದಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಮಾದರಿ ಪ್ರಶ್ನೆ ಕೇಳಲು ನೆರವಾಗುತ್ತದೆ, ಸ್ಥಿರಶಾಸ್ತ್ರದ ಉತ್ತರವನ್ನು ವಿದ್ಯಾರ್ಥಿಯೇ ಕೊಡಬೇಕಾಗುತ್ತದೆ.

ಕಟ್ಟಡಪಾಠ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾಲುದಾರಿಯ ಉದಾಹರಣೆಯನ್ನು ಮುಂದಿನ ಪಾಠದಲ್ಲಿಯೇ ಅಳವಡಿಸಿಕೊಳ್ಳುತ್ತೇನೆ. ಒಂದು ಅಂಶ ಇನ್ನೂ ಉಳಿದಿದೆ. ನಿರ್ಮಾಣ ಎಂದರೆ ಕಾಲಾನುಕ್ರಮದ ಕೆಲಸ, ಆದರೆ ಮಾದರಿ ಮುಗಿದ ಕಟ್ಟಡವನ್ನು ತೋರಿಸುತ್ತದೆ. ಕೆಲಸದ ವೇಳಾಪಟ್ಟಿಯನ್ನು ಮಾದರಿಗೆ ಜೋಡಿಸುವ 4ಡಿ ವಿಧಾನವನ್ನು ಕಲಿಕೆಗೆ ಯಾರಾದರೂ ಬಳಸಿದ್ದೀರಾ? ತಂತ್ರಾಂಶದ ಆಯ್ಕೆ ಮತ್ತು ಮೌಲ್ಯಮಾಪನದ ಬಗ್ಗೆಯೂ ಯಾರಾದರೂ ದಯವಿಟ್ಟು ತಿಳಿಸಿ.

ನಿವೇಶನ ಎಂಜಿನಿಯರ್

4ಡಿ ಬಹಳ ಉಪಯುಕ್ತವಾದದ್ದು, ಆದರೆ ಅದರ ಮಿತಿಯನ್ನು ಮೊದಲೇ ತಿಳಿದಿರಬೇಕು. ತಂತ್ರಾಂಶ ನೀವು ಕೊಟ್ಟ ದಿನಾಂಕಗಳನ್ನು ಘಟಕಗಳಿಗೆ ಅಂಟಿಸಿ ಚಲನಚಿತ್ರದಂತೆ ತೋರಿಸುತ್ತದೆ. ದಿನಾಂಕ ಸರಿಯೇ ಎಂದು ಅದು ವಿಚಾರಿಸುವುದಿಲ್ಲ. ಕಾಲಂಗಿಂತ ಮೊದಲು ಸ್ಲ್ಯಾಬ್ ಹಾಕಿದರೆ ಸ್ಲ್ಯಾಬ್ ಗಾಳಿಯಲ್ಲಿ ತೇಲುತ್ತದೆ, ಇದನ್ನು ವಿದ್ಯಾರ್ಥಿ ತಕ್ಷಣ ಗುರುತಿಸುತ್ತಾನೆ. ಸೆಂಟ್ರಿಂಗ್ (ಹಸಿ ಸ್ಲ್ಯಾಬನ್ನು ಕೆಳಗಿನಿಂದ ಹೊರುವ ತಾತ್ಕಾಲಿಕ ಆಧಾರ) ಅನ್ನು ಅವಧಿಗೆ ಮುಂಚೆ ತೆಗೆದರೆ ಮಾತ್ರ ಪರದೆಯ ಮೇಲೆ ಏನೂ ಆಗುವುದಿಲ್ಲ, ಏಕೆಂದರೆ ಮಾದರಿಯಲ್ಲಿ ಸೆಂಟ್ರಿಂಗ್ ಇರುವುದೇ ಇಲ್ಲ.

ಅತ್ಯಂತ ಮುಖ್ಯವಾದ ಅಭ್ಯಾಸ ಇರುವುದು ಈ ಖಾಲಿ ಜಾಗದಲ್ಲಿಯೇ ಎಂದು ನಾನು ನಂಬುತ್ತೇನೆ. ಶಟರಿಂಗ್, ಆಧಾರದ ಪ್ರಾಪ್‌ಗಳು, ಸಾರುವೆ, ಅಗೆದ ಗುಂಡಿಯ ಇಳಿಜಾರು ಅಂಚು, ಕ್ರೇನ್ ನಿಲ್ಲುವ ಜಾಗ, ಕಂಬಿ ರಾಶಿ ಹಾಕುವ ಜಾಗ ಇವೆಲ್ಲ ಕಟ್ಟಡದಲ್ಲಿ ಉಳಿಯದ ವಸ್ತುಗಳಾದ್ದರಿಂದ ವಿನ್ಯಾಸಕರ ಮಾದರಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸಿದ್ಧ ಮಾದರಿಯನ್ನು ಕೊಟ್ಟು, ಮೂರನೆಯ ಮಹಡಿಯ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ದಿನ ನಿವೇಶನದಲ್ಲಿ ಇರಬೇಕಾದ ತಾತ್ಕಾಲಿಕ ವಸ್ತುಗಳನ್ನೆಲ್ಲ ಸೇರಿಸಿ ಎಂದು ಹೇಳಿ. 150 ಮಿಲಿಮೀಟರ್ ದಪ್ಪದ ಹಸಿ ಸ್ಲ್ಯಾಬ್ ಪ್ರತಿ ಚದರ ಮೀಟರಿಗೆ ಸುಮಾರು 3.75 ಕಿಲೋನ್ಯೂಟನ್ ತೂಗುತ್ತದೆ. ವಾಸದ ಕಟ್ಟಡದ ಸ್ಲ್ಯಾಬಿಗೆ ವಿನ್ಯಾಸದಲ್ಲಿ ಹಿಡಿಯುವ ಚರಭಾರ (ಜನ, ಸಾಮಾನುಗಳ ಭಾರ) ಸಾಮಾನ್ಯವಾಗಿ ಸುಮಾರು 2 ಕಿಲೋನ್ಯೂಟನ್ ಮಾತ್ರ. ಕೆಳಗಿನ ಸ್ಲ್ಯಾಬ್ ಒಂದು ವಾರದ ಹಿಂದೆ ಹಾಕಿದ್ದಾದರೆ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟ್ ಆ ಹೊತ್ತಿಗೆ ತನ್ನ 28 ದಿನದ ಬಲದಲ್ಲಿ ಸುಮಾರು ಮೂರನೇ ಎರಡು ಭಾಗವನ್ನಷ್ಟೇ ಪಡೆದಿರುತ್ತದೆ. ಹಾಗಿರುವಾಗ ಹೊಸ ಸ್ಲ್ಯಾಬಿನ ಭಾರ ಪ್ರಾಪ್‌ಗಳ ಮೂಲಕ ಎಷ್ಟು ಮಹಡಿಗಳವರೆಗೆ ಇಳಿಯಬೇಕು, ಯಾವ ಮಹಡಿಯ ಪ್ರಾಪ್‌ಗಳನ್ನು ಅಂದು ಮುಟ್ಟಲೇಬಾರದು ಎಂಬುದನ್ನು ವಿದ್ಯಾರ್ಥಿಗಳು ಮಾದರಿಯಲ್ಲಿ ಕೂರಿಸಿ ಸಮರ್ಥಿಸಬೇಕು. ನಿವೇಶನದಲ್ಲಿ ಜೀವಗಳು ಈ ತಿಳಿವಳಿಕೆಯ ಮೇಲೆ ನಿಂತಿರುವುದರಿಂದ ಇದಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ.

ಇದರ ಜೊತೆಗೆ ಇನ್ನೊಂದು ಸಂಗತಿ. ವಿನ್ಯಾಸಕ ಸ್ಲ್ಯಾಬನ್ನು ಒಂದೇ ಘಟಕವಾಗಿ ಎಳೆದಿರುತ್ತಾನೆ, ಕಟ್ಟುವವರು ಅದನ್ನು ಎರಡು ಮೂರು ಭಾಗಗಳಾಗಿ ಹಾಕುತ್ತಾರೆ. ಕಟ್ಟುವ ಕ್ರಮಕ್ಕೆ ತಕ್ಕಂತೆ ಮಾದರಿಯನ್ನು ತುಂಡು ಮಾಡುವಾಗ ಕನ್‌ಸ್ಟ್ರಕ್ಷನ್ ಜಾಯಿಂಟ್ (ಒಂದು ಸಲ ಹಾಕಿದ ಕಾಂಕ್ರೀಟಿಗೆ ಮುಂದಿನದು ಸೇರುವ ಜಾಗ) ಎಲ್ಲಿ ಬರಬೇಕೆಂಬ ಪ್ರಶ್ನೆ ಎದುರಾಗುತ್ತದೆ, ಅದೂ ಒಳ್ಳೆಯ ಪಾಠವೇ.

ಬಿಐಎಂ ಸಂಯೋಜಕ

ತಂತ್ರಾಂಶದ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಮಾದರಿ ಕಟ್ಟುವ ತಂತ್ರಾಂಶವಾದ ರೆವಿಟ್ ಮತ್ತು ನೇವಿಸ್‌ವರ್ಕ್ಸ್‌ಗೆ ವಿದ್ಯಾರ್ಥಿ ಮತ್ತು ಬೋಧಕರಿಗಾಗಿ ಉಚಿತ ಶೈಕ್ಷಣಿಕ ಪರವಾನಗಿ ಇದೆ. ಹೊಸ ಆವೃತ್ತಿಯ ರೆವಿಟ್ ಕಡತವನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲಾಗದ ಕಾರಣ ತರಗತಿಯವರೆಲ್ಲರೂ ಒಂದೇ ಆವೃತ್ತಿಯನ್ನು ಹಾಕಿಕೊಂಡಿರಬೇಕು. ಮುಕ್ತ ತಂತ್ರಾಂಶ ಬೇಕೆಂದರೆ ಫ್ರೀಕ್ಯಾಡ್ ಇದೆ, ಬ್ಲೆಂಡರ್‌ನೊಳಗೆ ಕೆಲಸ ಮಾಡುವ ಬೋನ್ಸಾಯ್ ಇದೆ. ಯಾವುದನ್ನು ಆಯ್ದರೂ ಕಡತಗಳನ್ನು ಐಎಫ್‌ಸಿ ರೂಪದಲ್ಲಿ ಹಂಚಿಕೊಳ್ಳುವ ಅಭ್ಯಾಸ ಮಾಡಿಸಿ. 2013ರಲ್ಲಿ ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನಕವಾದ ಈ ರೂಪ ಯಾವುದೇ ಒಂದು ಕಂಪನಿಗೆ ಸೇರಿದ್ದಲ್ಲ. ಐಎಫ್‌ಸಿಗೆ ಕಳುಹಿಸಿದಾಗ ವಿದ್ಯಾರ್ಥಿಯ ಗೋಡೆ ಗೋಡೆಯಾಗಿಯೇ ಬಂತೋ, ಗುರುತಿಲ್ಲದ ಯಾವುದೋ ಘನಾಕೃತಿಯಾಗಿ ಬಂತೋ ಎಂಬುದನ್ನು ನೋಡಿದರೆ, ಅವನು ಮಾಹಿತಿಯನ್ನು ಇಟ್ಟಿದ್ದಾನೋ ಚಿತ್ರವನ್ನಷ್ಟೇ ಮಾಡಿದ್ದಾನೋ ತಿಳಿಯುತ್ತದೆ.

ವಿಆರ್ ಕನ್ನಡಕ ಕಡ್ಡಾಯವೇನೂ ಅಲ್ಲ. ಒಬ್ಬನು ಕನ್ನಡಕ ಹಾಕಿ ನೋಡುತ್ತಿದ್ದರೆ ಉಳಿದವರು ಕಾಯುತ್ತ ಕೂರುವುದು ಅದರ ದೊಡ್ಡ ತೊಡಕು, ಕೆಲವರಿಗೆ ತಲೆಸುತ್ತೂ ಬರುತ್ತದೆ. ಆದರೂ ಎತ್ತರ, ಇಕ್ಕಟ್ಟು, ಸ್ಲ್ಯಾಬಿನ ತೆರೆದ ಅಂಚಿನ ಅಪಾಯ ಇವುಗಳನ್ನು ಮಾನವನ ಅಳತೆಯಲ್ಲಿ ಅನುಭವಿಸಲು ಅದು ನೆರವಾಗುತ್ತದೆ. ಇದ್ದರೆ ಸುರಕ್ಷತೆಯ ಪಾಠಕ್ಕೆ ಬಳಸಿ, ಇಲ್ಲದಿದ್ದರೆ ಮೇಲೆ ಚರ್ಚಿಸಿದ ಯಾವ ಅಭ್ಯಾಸವೂ ಅದಕ್ಕಾಗಿ ನಿಲ್ಲುವುದಿಲ್ಲ.

ಮೌಲ್ಯಮಾಪನಕ್ಕೆ ಮುಗಿದ ಮಾದರಿಯನ್ನು ನೋಡಿ ಅಂಕ ಕೊಡಬೇಡಿ, ಅದನ್ನು ಗೆಳೆಯನಿಂದಲೂ ಪಡೆಯಬಹುದು. ಬಿಸಿಎಫ್ ಎಂಬ ಕಡತ ರೂಪವೊಂದಿದೆ. ಮಾದರಿಯಲ್ಲಿ ಕಂಡ ಸಮಸ್ಯೆ, ಅದನ್ನು ನೋಡಿದ ಕೋನ, ಸಂಬಂಧಿಸಿದ ಘಟಕಗಳ ಗುರುತು, ಬರೆದ ಟಿಪ್ಪಣಿ ಮತ್ತು ಅದಕ್ಕೆ ಬಂದ ಉತ್ತರಗಳನ್ನು ದಿನಾಂಕದೊಂದಿಗೆ ಅದು ಉಳಿಸಿಕೊಳ್ಳುತ್ತದೆ. ನಿರ್ಮಾಣ ಯೋಜನೆಗಳಲ್ಲಿ ವಿವಿಧ ತಂಡಗಳು ಮಾತಾಡಿಕೊಳ್ಳುವುದೂ ಹೀಗೆಯೇ. ವಿದ್ಯಾರ್ಥಿಗಳನ್ನು ವಾಸ್ತುಶಿಲ್ಪ, ಸ್ಟ್ರಕ್ಚರ್, ಕೊಳವೆ ಮತ್ತು ವಿದ್ಯುತ್ ಎಂದು ತಂಡಗಳಾಗಿ ವಿಂಗಡಿಸಿ, ಪರಸ್ಪರ ಬಿಸಿಎಫ್ ಮೂಲಕವೇ ಸಮಸ್ಯೆಗಳನ್ನು ತಿಳಿಸಲು ಹೇಳಿ. ಯಾರು ಏನನ್ನು ಗುರುತಿಸಿದರು, ಯಾವ ಕಾರಣ ಕೊಟ್ಟರು, ಎದುರು ತಂಡದ ಆಕ್ಷೇಪಣೆಗೆ ಹೇಗೆ ಸ್ಪಂದಿಸಿದರು ಎಂಬ ಜಾಡು ನಿಮಗೆ ಪೂರ್ತಿಯಾಗಿ ಸಿಗುತ್ತದೆ. ಕೊನೆಯಲ್ಲಿ ಮೌಖಿಕ ಪರೀಕ್ಷೆಯಲ್ಲಿ ಅವರ ಮಾದರಿಯ ಒಂದು ಕಾಲಂ ಅನ್ನು ನೀವೇ ಒಂದು ಮೀಟರ್ ಸರಿಸಿ, ಇದರಿಂದ ಏನೇನು ಬದಲಾಗುತ್ತದೆ ಎಂದು ಪರದೆಯನ್ನು ನೋಡುವ ಮೊದಲೇ ಹೇಳಲು ಕೇಳಿ. ನನ್ನ ಅಭಿಪ್ರಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕಗಳು ಟಿಪ್ಪಣಿಗಳಿಗೂ ಈ ಉತ್ತರಕ್ಕೂ ಸೇರಬೇಕು.